ನಿಮ್ಮ ಮದುವೆ ನಮ್ಮ ಅಂಗಡಿಯಲ್ಲಿದೆ

ನಡೆಯುವ ಅಂಗಡಿಗೆ ಗಿರಾಕಿ ಬರುತ್ತಾರೆ, ಮುಚ್ಚುವ ಅಂಗಡಿಗೆ ಊರೇ ಬರುತ್ತದೆ. ನಾಲ್ಕು ಅಂಗಡಿ ಮುಚ್ಚಿದವರ ಮನೆಯ ಹುಡುಗಿಯಾಗಿ ಇದನ್ನು ಖಾತ್ರಿಯಿಂದ ಹೇಳಬಲ್ಲೆ. ಒಂದನ್ನು ಮುಚ್ಚಿ ಬರುವಷ್ಟರಲ್ಲಿ ಇನ್ನೊಂದರಲ್ಲಿ ಏನಾದರೂ ಆಗಿಯೇ ಇರುತ್ತಿತ್ತು.

ನಮ್ಮ ಕಾಕಾ ಅವರದು ಹಾಡಿನ ವ್ಯಾಪಾರ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿಗಳಲ್ಲಿ ಒಂದೇ ಹೆಸರಿನ, ಒಂದೇ ಹಸಿರು ಬೋರ್ಡಿನ ನಾಲ್ಕು ಅಂಗಡಿಗಳು. ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಮೆಮೊರಿ ಕಾರ್ಡಿಗೆ ಹೇಗೋ ಜಿಗಿದು ಬಂದವರು ಫೋನಿನ ಮುಂದೆ ಸುಸ್ತಾದರು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು "ಇಂಗ್ಲಿಷ್ ಸಾಲಿ ಕಲ್ತಾಳ, ಕಂಪ್ಯೂಟರ್ ಬರ್ತೈತಿ" ಎಂದು ಸಹಾಯಕ್ಕೆ ಕರೆದುಕೊಂಡಾಗಲೇ ಮುಚ್ಚುವ ಕೆಲಸ ಶುರುವಾಗಿತ್ತು.

ಕಾಕಾಗೆ ಒಂದೇ ಹಟ. ಮದುವೆಯ ಹಳೇ ವಿಡಿಯೋ ಕ್ಯಾಸೆಟ್ ಕೊಟ್ಟು ಸಿ.ಡಿ. ಮಾಡಿಸಿಕೊಂಡು ಹೋದ ಎಷ್ಟೋ ಜನ ಕ್ಯಾಸೆಟ್ಟನ್ನು ನಮ್ಮಲ್ಲೇ ಬಿಟ್ಟಿದ್ದರು. ಸಿಂದಗಿ ಅಂಗಡಿಯ ಒಂದು ಕಪಾಟಿನ ತುಂಬ ಅವೇ.

"ಮಂದಿ ಮದುವಿ ಕಪಾಟಿನ್ಯಾಗ ಬಿಟ್ಟು ನಾ ಕೀಲಿ ಹಾಕಂಗಿಲ್ಲ. ಒಂದೂ ಉಳೀಬಾರ್ದು, ಎಲ್ಲಾ ಮನಿ ಸೇರಬೇಕು" ಅಂದರು ಕಾಕಾ.

"ಅವೂ ಮನಿ ಸೇರೂದಿಲ್ಲ, ನೀವೂ ಮನಿ ಸೇರೂದಿಲ್ಲ" ಅಂದರು ಅವರ ಹೆಂಡತಿ, ನಮ್ಮ ಕಾಕು.

ಇಂಡಿ: ಮಾತಾಡಿಸಲು ಬಂದವರು

ಮೊದಲು ಮುಚ್ಚಿದ್ದು ಇಂಡಿಯ ಅಂಗಡಿ. "ಅಂಗಡಿ ಮುಚ್ಚುತ್ತಿದ್ದೇವೆ, ಎಲ್ಲ ಅರ್ಧ ಬೆಲೆಗೆ" ಎಂದು ನಾನೇ ಚಂದ ಅಕ್ಷರದಲ್ಲಿ ಬರೆದು ತೂಗುಹಾಕಿದೆ. ಮರುದಿನ ಜನವೋ ಜನ. ಆದರೆ ಯಾರೂ ಕಪಾಟಿನ ಕಡೆ ನೋಡಲಿಲ್ಲ. ಬಂದವರು ಬೆಂಚಿನ ಮೇಲೆ ಕುಳಿತು, ನೆಲ ನೋಡಿ, "ಭಾಳ ಕೆಟ್ಟ ಆತ್ರಿ ಸಾವಕಾರ್ರ" ಎಂದು ನಿಟ್ಟುಸಿರು ಬಿಟ್ಟು ಎದ್ದುಹೋಗುವರು. ತೋಟದ ಗೌಡರೊಬ್ಬರು ಒಂದು ಚೀಲ ನಿಂಬೆಹಣ್ಣು ಇಟ್ಟು ಹೋದರು.

ಮಧ್ಯಾಹ್ನ ಒಬ್ಬ ಮುಪ್ಪಿನ ಆಯಿ ಬುತ್ತಿಗಂಟು ಹೊತ್ತು ಬಂದಳು. ಭಜನೆಯ ಕ್ಯಾಸೆಟ್ಟಿಗೆ ಕಾಯಂ ಗಿರಾಕಿ. ಬಿಚ್ಚಿದರೆ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ.

"ಯವ್ವಾ, ಸತ್ತವರ ಮನಿಗಿ ತಂದಂಗ ಬುತ್ತಿ ತಂದೀಯಲ್ಲ!" ಅಂದರು ಕಾಕಾ.

"ಮನಷ್ಯಾ ಹ್ವಾದ್ರ ತರತೇವಿ, ಇಷ್ಟ ವರ್ಷದ ಅಂಗಡಿ ಹ್ವಾದ್ರ ತರಬಾರ್ದೇನು? ಉಣ್ಣು." ಕಾಕಾ ಉಣ್ಣತೊಡಗಿದ ಮೇಲೆ ಹತ್ತಿರ ಸರಿದು ಮೆಲ್ಲಗೆ ಕೇಳಿದಳು. "ಏನಾಗಿತ್ತೋ ಯಪ್ಪಾ ಅಂಗಡಿಗಿ?"

"ಮೊಬೈಲ್ ಬಂತಲ್ಲಬೇ."

ಆಯಿ ಲೊಚಗುಟ್ಟಿದಳು. "ನನ್ನ ಮೊಮ್ಮಗಗೂ ಅದ ಆಗೇತಿ."

ಮುದ್ದೇಬಿಹಾಳ: ಲೋಡ್ ಹಾಡು, ಖಾಲಿ ಹಾಡು

ಮುದ್ದೇಬಿಹಾಳದ ಅಂಗಡಿಯನ್ನು ಕೊನೆಯವರೆಗೂ ಸಾಕಿದವರು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು. ಮೆಮೊರಿ ಕಾರ್ಡ್ ಕೊಟ್ಟು "ಹಾಡ ತುಂಬ್ರಿ" ಅನ್ನುವರು, ಎತ್ತಿನ ಗಾಡಿಗೆ ಹೊಟ್ಟು ತುಂಬು ಅಂದಹಾಗೆ. ಒಬ್ಬ ಡ್ರೈವರಣ್ಣನ ಕಾರ್ಡಿನಲ್ಲಿ ಮುನ್ನೂರು ಹಾಡು ಚೆಲ್ಲಾಪಿಲ್ಲಿ ಬಿದ್ದಿದ್ದವು. ನನಗೆ ತಡೆಯಲಾಗಲಿಲ್ಲ. ಅವನು ಕೇಳದಿದ್ದರೂ ಎಲ್ಲವನ್ನೂ ಎ, ಬಿ, ಸಿ ಪ್ರಕಾರ ಜೋಡಿಸಿ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದು ಒಳಗೊಳಗೇ ಖುಷಿಪಟ್ಟೆ.

ಎರಡನೇ ದಿನ ಬಂದ. ಮೀಸೆ ಅದುರುತ್ತಿತ್ತು.

"ತಂಗಿ, ನನ್ನ ಹಾಡಿಗಿ ಕೈ ಹಚ್ಚಿದಾಕಿ ನೀನ ಏನು?"

ನಾನು ತಲೆಯಾಡಿಸಿದೆ.

"ಲೋಡ್ ತುಂಬಕೊಂಡ ಹೋಗುವಾಗ ಲೋಡ್ ಹಾಡು, ಸಾವಕಾಶದ್ದು. ಫ್ಯಾಕ್ಟರಿಯಾಗ ಇಳಿಸಿ ಹೊಳ್ಳಿ ಬರುವಾಗ ಖಾಲಿ ಹಾಡು, ಜೋರಿಂದು. ನಾ ಅಳತಿ ಮಾಡಿ ಇಟ್ಟಿದ್ದೆ. ನೀ ಎಲ್ಲಾ ಕಲಸಿಬಿಟ್ಟಿ! ಎರಡು ಟ್ರೇಲರ್ ತುಂಬ ಕಬ್ಬು, ಮುಂದ ಏರು, ಮ್ಯಾಲ ಕುಣಿಯೋ ಹಾಡು. ನನ್ನ ಕಾಲು ನನ್ನ ಮಾತ ಕೇಳಲಿಲ್ಲ, ಎಕ್ಸಲೇಟರ್ ಒತ್ತಿತು. ಹಿಂದಿನ ಟ್ರೇಲರ್ ಪಿನ್ನ ಕಳಚಿ ರಸ್ತಾದಾಗ ಕುಂತತು. ಅರ್ಧ ಕಬ್ಬ ಊರ ಮಂದಿ ಜಗ್ಗಿಕೊಂಡು ತಿಂದ್ರು!"

ಕಾಕಾ ಕೈ ಮುಗಿದು, "ತಪ್ಪಾತಪಾ, ಹುಡುಗಿ ಇಂಗ್ಲಿಷ್ ಸಾಲ್ಯಾಗ ಓದೇತಿ. ಎ, ಬಿ, ಸಿ ಪ್ರಕಾರ ಹಚ್ಚಿತ್ತು" ಅಂದರು.

"ಮಂದಿ ಹಂಗ ತಿನ್ನಲಿಲ್ಲಲ್ಲರಿ ಸಾವಕಾರ್ರ" ಅಂದ ಅವನು. "ದಪ್ಪನ್ನೂವು ಮೊದಲ ತಿಂದ್ರು."

ಬಾಗೇವಾಡಿ: ಬೀದಿಯ ಗಡಿಯಾರ

ಬಾಗೇವಾಡಿಯ ಅಂಗಡಿ ದಿನಾ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಹೊರಗಿನ ಸ್ಪೀಕರಿನಲ್ಲಿ ಭಕ್ತಿಗೀತೆ ಹಚ್ಚುತ್ತಿತ್ತು. ಅದು ಆ ಬೀದಿಯ ಗಡಿಯಾರವಾಗಿತ್ತೆಂದು ಮುಚ್ಚಿದ ಮೇಲೆಯೇ ನಮಗೆ ತಿಳಿದದ್ದು. ಮೂರನೇ ದಿನ ಬೀದಿಯವರೆಲ್ಲ ಸೇರಿ ಸಿಂದಗಿಯ ನಮ್ಮ ಅಂಗಡಿಯವರೆಗೆ ಬಂದರು. ಹೆಡ್‌ಮಾಸ್ತರರೇ ಮುಂದಾಳು.

"ಅಂಗಡಿ ಮುಚ್ಚರಿ, ಬ್ಯಾಡ ಅನ್ನೂದಿಲ್ಲ. ಹಾಡ ಮುಚ್ಚಬ್ಯಾಡ್ರಿ. ಎರಡ ದಿನದಿಂದ ಸಾಲಿ ಬಸ್ಸ ತಪ್ಪಾಕತ್ತೇತಿ."

ಕಾಕಾ ಕರಗಿದರು. ಸ್ಪೀಕರು, ಪ್ಲೇಯರು ಎರಡನ್ನೂ ಎದುರಿನ ಚಹಾದಂಗಡಿಯವನಿಗೆ ಕೊಟ್ಟು ಹಾಡು ಹಚ್ಚುವ ಜವಾಬ್ದಾರಿ ವಹಿಸಿದರು. ಆ ಪುಣ್ಯಾತ್ಮನಿಗೆ ಮಾತ್ರ ತಾನು ಎದ್ದಾಗಲೇ ಬೆಳಗು. ಒಂದು ದಿನ ಏಳಕ್ಕೆ ಹಚ್ಚುವನು, ಒಂದು ದಿನ ಏಳೂವರೆಗೆ.

ತಿಂಗಳ ಮೇಲೆ ಹೆಡ್‌ಮಾಸ್ತರರು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. "ಹೆಂಗ ನಡದೈತ್ರಿ ಸರ?" ಎಂದು ಕಾಕಾ ಅಂಜುತ್ತ ಕೇಳಿದರು.

"ಭಾಳ ಆರಾಮ ಆಗೇತ್ರಿ. ಹುಡುಗರೂ ತಡ, ಮಾಸ್ತರರೂ ತಡ, ನಾನೂ ತಡ. ಈಗ ಯಾರೂ ತಡಾ ಬರೂದ ಇಲ್ಲ."

ಸಿಂದಗಿ: ನಾನು ಮಾಡಿದ ಫೋನು

ಉಳಿದದ್ದು ಸಿಂದಗಿ ಅಂಗಡಿ, ಆ ಕಪಾಟು. ಕ್ಯಾಸೆಟ್ಟಿನ ಮೇಲಿದ್ದ ಹೆಸರು ಹಿಡಿದು ಅವರಿವರಿಂದ ನಂಬರ್ ಹುಡುಕಿ, ಎಲ್ಲರಿಗೂ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗುರುತಿದ್ದವರ ಜೊತೆಗೇ ಮಾತು ಹೊರಡದ ನಾನು ಹೇಳಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಂಡು ಹತ್ತು ಸಲ ಓದಿದೆ. ಆಮೇಲೆ ಮೊದಲ ನಂಬರು ಒತ್ತಿದೆ. ಒಬ್ಬ ಗಂಡಸು ಎತ್ತಿದರು.

"ನಮಸ್ಕಾರ. ನಿಮ್ಮ ಮದುವೆಯ ಬಗ್ಗೆ ಮಾತಾಡಬೇಕಿತ್ತು" ಎಂದು ಮೊದಲ ವಾಕ್ಯ ಓದಿದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಪಿಸುಮಾತು. "ನಂದು ಆಗೇತ್ರಿ."

ಅದಕ್ಕೆ ಉತ್ತರ ನನ್ನ ಹಾಳೆಯಲ್ಲಿರಲಿಲ್ಲ. ಗಾಬರಿಯಲ್ಲಿ ಫೋನ್ ಇಟ್ಟುಬಿಟ್ಟೆ.

ಒಂದು ತಾಸಿನೊಳಗೆ ಅವರ ಹೆಂಡತಿ ನಂಬರು ಯಾರದೆಂದು ವಿಚಾರಿಸಿಕೊಂಡು ಅಂಗಡಿಗೇ ಬಂದರು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಅದೇ ನಂಬರಿಗೆ ತಿರುಗಿ ಹಚ್ಚುತ್ತ. ಫೋನು ನನ್ನ ಕೈಯಲ್ಲೇ ಹೊಡೆದುಕೊಂಡಿತು.

"ಯಾರಕಿ? ನನ್ನ ಗಂಡನ ಮದುವಿ ಮಾತಾಡಾಕಿ ಯಾರಕಿ?"

ನಾನು ಹಾಳೆಯನ್ನೇ ಮುಂದೆ ಹಿಡಿದೆ. ಅವರು ಹಾಳೆ ಓದಿದರು, ಕಾಕಾ ತೆಗೆದುಕೊಟ್ಟ ಕ್ಯಾಸೆಟ್ ನೋಡಿದರು, ಕಡೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟು ಸರ್ರನೆ ಇಳಿಯಿತು.

"ಸಾವಕಾರ್ರ, ಈ ಕೂಸಿನ ಕೈಯಾಗ ಫೋನ್ ಯಾಕ ಕೊಟ್ಟೀರಿ? ಮೊದಲ ಬಾಯಾಗ ಮಾತ ಕೊಡ್ರಿ!" ಎಂದು ಕ್ಯಾಸೆಟ್ ಬಗಲಲ್ಲಿಟ್ಟುಕೊಂಡು ಹೊರಟವರು ಬಾಗಿಲಲ್ಲಿ ನಿಂತು ನಕ್ಕರು. "ಆದ್ರ ಒಂದ ಚಲೋ ಆತು. ಹಿಂದಿನ ಹತ್ತ ವರ್ಷದಾಗ ನಮ್ಮ ಮನಿಯವ್ರು ಇಷ್ಟ ಅಂಜಿದ್ದು ನಾ ನೋಡಿದ್ದಿಲ್ಲ."

ಕೊನೆಯ ಕ್ಯಾಸೆಟ್ಟು

ಒಂದೊಂದೇ ಹೋಗಿ ಕಡೆಗೆ ಒಂದೇ ಕ್ಯಾಸೆಟ್ ಉಳಿಯಿತು. ಇಂಡಿ ಕಡೆಯ ಹಳ್ಳಿಯವರದು. ಗಂಡ, ಹೆಂಡತಿ, ಅತ್ತೆ ಮೂವರೂ ಬಂದರು. ಕಾಕಾ ಅವರ ಮುಖ ಹಬ್ಬದ ದಿನದ ಹಾಗಿತ್ತು. ಇದೊಂದು ಹೋದರೆ ಶಟರ್ ಎಳೆಯಬಹುದು. ಖಾತ್ರಿಗಾಗಿ ಹಳೇ ವಿ.ಸಿ.ಆರ್.ಗೆ ಕ್ಯಾಸೆಟ್ ಹಾಕಿ ತೋರಿಸಿದರು.

"ಇದು ನಮ್ಮದಲ್ಲರಿ" ಅಂದಳು ಅತ್ತೆ. "ನಮ್ಮ ಮದುವಿ ಸಿ.ಡಿ. ಇಪ್ಪತ್ತ ವರ್ಷದಿಂದ ನೋಡಾಕತ್ತೇನಿ. ನನಗ ಗೊತ್ತಾಗೂದಿಲ್ಲೇನು?"

ಅಷ್ಟರಲ್ಲಿ ಟಿ.ವಿ.ಯೊಳಗೆ ಮದುಮಗ ಕುಂಟುತ್ತ ಮಂಟಪ ಹತ್ತಿದ. ಕಾಲಿನ ಹೆಬ್ಬೆರಳಿಗೆ ಬಿಳೀ ಬಟ್ಟೆ ಸುತ್ತಿತ್ತು. ಗಂಡ ದಡಕ್ಕನೆ ಎದ್ದ.

"ಯವ್ವಾ, ಅದು ನನ್ನ ಕಾಲ ಬೆರಳ! ಅವತ್ತ ಮುಂಜಾನೆ ಎಡವಿ ಉಗರ ಕಿತ್ತಿತ್ತು!"

"ಅದಕ್ಕ ನಾ ಅಂತಿದ್ದೆ" ಅಂದಳು ಹೆಂಡತಿ, "ಸಿ.ಡಿ.ಯಾಗ ನೀವು ಇಷ್ಟ ನೆಟ್ಟಗ ಹೆಂಗ ನಡೀತೀರಿ ಅಂತ."

ಕಾಕಾಗೆ ಆಗ ನೆನಪಾಯಿತು. ಅವರದು ಸಾಮೂಹಿಕ ಮದುವೆ. ಎಲ್ಲ ಮದುವಣಗಿತ್ತಿಯರಿಗೂ ಒಂದೇ ಬಣ್ಣದ ಸೀರೆ, ಮದುವಣಿಗರ ತಲೆಗೆ ಒಂದೇ ಬಣ್ಣದ ರುಮಾಲು, ಎಲ್ಲರ ಹಣೆಗೂ ಬಾಸಿಂಗ, ಅದರ ಮುತ್ತಿನ ಎಳೆ ಮೂಗಿನ ತನಕ ಇಳಿದು ಮುಖವೇ ಕಾಣದು. ಅದೇ ದಿನದ ಇನ್ನೊಂದು ಜೋಡಿಯ ಕ್ಯಾಸೆಟ್ಟೂ ಆಗ ನಮ್ಮಲ್ಲಿಗೇ ಬಂದಿತ್ತು. ಅವರ ಸಿ.ಡಿ. ಇವರ ಕೈಗೆ ಹೋಗಿದೆ.

"ಹಂಗಾದ್ರ ಅದರಾಗ ಬೆನ್ನ ಮಾಡಿ ಕುಂತಾವ ನಮ್ಮಣ್ಣ ಅಲ್ಲೇನು?" ಅತ್ತೆ ಎದೆಗೆ ಕೈ ಇಟ್ಟಳು. "ಅವ ತೀರಿಕೊಂಡಾಗ ಆ ಬೆನ್ನ ನೋಡಿ ನಾ ಎಷ್ಟ ಅತ್ತೇನಲ್ಲೋ!"

"ತಪ್ಪ ನಮ್ಮದ್ರಿ ಯವ್ವಾ. ನಿಮ್ಮ ಖರೇ ಮದುವಿ ಇದು, ಒಯ್ಯಿರಿ" ಎಂದು ಕಾಕಾ ಎರಡೂ ಕೈಯಲ್ಲಿ ಕ್ಯಾಸೆಟ್ ಚಾಚಿದರು.

ಅತ್ತೆ ಮುಟ್ಟಲಿಲ್ಲ. ಟಿ.ವಿ. ಕಡೆ ಬೆರಳು ತೋರಿಸಿದಳು. ಅಲ್ಲಿ ಹೆಣ್ಣಿನ ಕಡೆಯವರು ಸಾಲಾಗಿ ಮುಖ ಊದಿಸಿಕೊಂಡು ಕುಳಿತಿದ್ದರು. "ಬ್ಯಾಡ್ರಿ. ನಮ್ಮನ್ಯಾಗಿನ ಸಿ.ಡಿ.ಯಾಗ ಬೀಗರು ನಗತಾರ. ಅದನ್ನ ನೋಡಿ ನೋಡಿ ನಮಗ ಬೀಗರ ಮ್ಯಾಲ ಪ್ರೀತಿ ಹುಟ್ಟೇತಿ. ಇದನ್ನ ಮನಿಗಿ ಒಯ್ದ್ರ ನಾಳಿಂದ ಹೊಸಾ ಜಗಳ ತಗೀಬೇಕು."

"ಅತ್ತಿ ಹೇಳೂದು ಖರೇ ಐತ್ರಿ" ಅಂದಳು ಸೊಸೆ. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಕಂಡು ಗಂಡ ಬೆರಗಾಗಿ ನಿಂತ.

"ಮತ್ತ ಆ ಇನ್ನೊಂದ ಜೋಡಿ ಯಾರ ಮದುವಿ ನೋಡಾಕತ್ತೈತೋ!" ಕಾಕಾ ನರಳಿದರು.

"ತಕರಾರ ಬಂದೈತೇನು? ಇಲ್ಲಲ್ಲ? ಸುಮ್ಮ ಇರ್ರಿ" ಎಂದು ಅತ್ತೆ ಎಲ್ಲರನ್ನೂ ಹೊರಡಿಸಿಕೊಂಡು ಹೋದಳು.

ಖಾಲಿ ಅಂಗಡಿಯಲ್ಲಿ ಕಾಕಾ ಕ್ಯಾಸೆಟ್ ಹಿಡಿದು ಕುಳಿತರು. ಎರಡು ಸಲ ಎದ್ದು ಶಟರಿಗೆ ಕೈ ಹಾಕಿದರು, ಎರಡು ಸಲವೂ ಕೈ ತೆಗೆದರು. ನಾನು ಹಾಡಿನ ಡಬ್ಬಿಗಳನ್ನು ಸುಮ್ಮನೆ ಒರೆಸುತ್ತ ನಿಂತೆ. ಊಟದ ಹೊತ್ತು ಮೀರಿತೆಂದು ಕರೆಯಲು ಬಂದ ಕಾಕು ಕಥೆಯೆಲ್ಲ ಕೇಳಿ, ಕ್ಯಾಸೆಟ್ಟನ್ನು ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿದರು.

"ಊರ ಮಂದಿ ಮದುವಿ ಎಲ್ಲಾ ಕಾದ್ರಿ. ನಮ್ಮ ಮದುವಿದು ಒಂದ ಫೋಟೋ ಐತಿ, ಅದರಾಗೂ ನೀವು ಕಣ್ಣ ಮುಚ್ಚೀರಿ. ಇದು ನಮ್ಮ ಮನಿ ಸೇರಲಿ. ಬಾಸಿಂಗ ಕಟ್ಟಿದ ಮ್ಯಾಲ ಯಾರಾದ್ರೇನು? ಏಳ್ರಿ, ಕೀಲಿ ಹಾಕ್ರಿ."

ಕಾಕಾ ಎದ್ದರು. ಶಟರ್ ಒಂದೇ ಎಳೆತಕ್ಕೆ ಇಳಿಯಿತು. ವಿ.ಸಿ.ಆರ್. ನನ್ನ ತೊಡೆಯ ಮೇಲೆ ಕುಳಿತು ಆಟೋದಲ್ಲಿ ಮನೆಗೆ ಬಂತು.

ಈಗ ಮನೆಗೆ ಬಂದವರಿಗೆಲ್ಲ ಕಾಕು ಚಹಾದ ಜೊತೆ ಮದುವೆ ತೋರಿಸುತ್ತಾರೆ. ಯಾರದೆಂದು ಹೇಳುವುದಿಲ್ಲ, ಬಂದವರೂ ಕೇಳುವುದಿಲ್ಲ. ಮೊನ್ನೆ ಓಣಿಯ ಹಿರಿಯಕ್ಕ ಒಬ್ಬರು ಬಂದಿದ್ದರು. ಮದುಮಗ ಕುಂಟುತ್ತ ಮಂಟಪ ಹತ್ತುವ ಹೊತ್ತಿಗೆ ಸರಿಯಾಗಿ, ಮೊಣಕಾಲು ನೋವಿನ ಕಾಕಾ ಕುಂಟುತ್ತ ಪಡಸಾಲೆಗೆ ಬಂದರು. ಹಿರಿಯಕ್ಕ ಟಿ.ವಿ. ನೋಡಿದರು, ಕಾಕಾ ಅವರನ್ನು ನೋಡಿದರು.

"ಅಯ್ಯ ಶಿವನ! ಈ ಕಾಲ ನೋವು ಆವಾಗಿಂದನ ಐತೇನ್ರಿ ಅಣ್ಣಾರ?"

ಗಿರಾಕಿಗೆ ಒಂದು ಹಾಡು ತೋರಿಸಿ ಇನ್ನೊಂದು ಹಾಡು ಎಂದೂ ಮಾರದ ಮನುಷ್ಯ ನಮ್ಮ ಕಾಕಾ. ಕಾಕು ಕಡೆ ನೋಡಿದರು. ಕಾಕು ಕಣ್ಣು ಟಿ.ವಿ. ಬಿಟ್ಟು ಕದಲಲಿಲ್ಲ. ಕಾಕಾ ಮೊಣಕಾಲು ನೀವಿಕೊಳ್ಳುತ್ತ ಕುಳಿತರು.

"ಹೌದ್ರಿ ಅಕ್ಕಾರ. ತಾಳಿ ಕಟ್ಟಿದಾಗಿಂದ ಐತ್ರಿ."