ಸೌಟು ಸುತ್ತಿದ ಶುಕ್ರವಾರ

ಟೋಕನ್ ರಿಂಗ್ ಎಂಬ ಹಳೆಯ ನೆಟ್‌ವರ್ಕ್ ಪದ್ಧತಿ ರಾಜೀವನ ತಲೆಗೆ ಹತ್ತಲಿಲ್ಲ; ತೊಂದರೆ ಶುರುವಾದದ್ದೇ ಅಲ್ಲಿಂದ. ಕುವೈತಿನ ಸಾಲ್ಮಿಯಾದ ಅವನ ಮನೆಯಲ್ಲಿ ಆಫೀಸಿನ ಹಳೆ ರೂಟರುಗಳು ಸೋಫಾದ ಮೇಲೆ ಊರಿನಿಂದ ಬಂದ ನೆಂಟರಂತೆ ಮಲಗಿದ್ದವು. ಸಂಜೆ ಮ್ಯಾನೇಜರ್ ಯೂಜಿನ್ ಮನೆಗೇ ಬಂದು ಪ್ರಶ್ನೆ ಕೇಳುವವರಿದ್ದರು. ಉತ್ತರ ಸರಿಯಿದ್ದರೆ ನೆಟ್‌ವರ್ಕ್ ಎಂಜಿನಿಯರುಗಳ ಲ್ಯಾಬ್ ಪರೀಕ್ಷೆಗೆ ಕಂಪನಿ ಖರ್ಚಿನಲ್ಲಿ ಪ್ರಯಾಣ, ಆ ದೇಶದಲ್ಲಿ ಉಳಿಯಲು ಬೇಕಾದ ಇಕಾಮಾ ಪರವಾನಗಿಯ ನವೀಕರಣ. ಇಲ್ಲವಾದರೆ ಅವನ ಜಾಗಕ್ಕೆ ಬೇರೆಯವರು.

“ಕಂಪ್ಯೂಟರೆಲ್ಲ ಸುತ್ತಾಗಿ ಇರ್ತವೆ. ಟೋಕನ್ ಯಾರ ಹತ್ರ ಇದೆಯೋ ಅದು ಮಾತ್ರ ಮಾತಾಡ್ಬೇಕು, ಆಮೇಲೆ ಪಕ್ಕದ್ದಕ್ಕೆ ದಾಟಿಸ್ಬೇಕು,” ಎಂದು ಹೆಂಡತಿಗೆ ಓದಿ ಹೇಳಿದ.

“ಆಡಿ ನೋಡಿದ್ರೆ ಅರ್ಥ ಆಗತ್ತೆ,” ಎಂದ ಯಾಮಿನಿ ಸಾರಿನ ಸೌಟನ್ನೇ ಟೋಕನ್ ಮಾಡಿ ನೆರೆಯವರನ್ನು ಕರೆದಳು.

ರಾಜೀವನ ಬಲಕ್ಕೆ ಅನಂತರಾಮು ಕೂತರು. ಕೆಲಸ ಹೋಗಿ ಹೊಸ ಕಂಪನಿ ಹುಡುಕುತ್ತಿದ್ದ ಅಕೌಂಟೆಂಟ್. ಅವರಾಚೆ ಹೆಂಡತಿ ಕಾಂತಮ್ಮ, ನಂತರ ಎದುರು ಮನೆಯ ಸುಬೈದಾ; ಅವಳಿಂದ ಸೌಟು ಮತ್ತೆ ರಾಜೀವನಿಗೆ. ಯಾಮಿನಿ ಸುತ್ತಿನ ಹೊರಗೆ ನಿಂತಳು. ಸುತ್ತಿಗೊಬ್ಬ ಕಾವಲುಗಾರ ಇರಬೇಕೆಂದು ಪುಸ್ತಕದಲ್ಲಿತ್ತು. ಕಾಂತಮ್ಮ ಯಾರನ್ನೂ ಕೇಳದೆ ಆ ಹುದ್ದೆಗೇರಿ, ಕಾವಲಿನವರಿಗೆ ಸೌಟಿನ ಹಂಗಿಲ್ಲವೆಂದು ತೀರ್ಪನ್ನೂ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ರಾಜೀವನಿಗೆ ಎಲ್ಲ ಅರ್ಥವಾಗಿತ್ತು. ಆದರೆ ಯಾರೂ ಏಳಲೊಲ್ಲರು. ಮನೆಯಲ್ಲಿ ಎಂದೂ ಮಾತಿನ ಸರದಿ ಸಿಗದ ಅನಂತರಾಮು, ಸೌಟು ಬಂದಾಗಲೆಲ್ಲ ತೊಟ್ಟಿ ಒಡೆದಂತೆ ಹರಿದರು. ಅಡುಗೆಮನೆಯಲ್ಲಿ ಸಾರು ಉಕ್ಕುವುದು ಕಂಡರೂ ಸುಬೈದಾ ಸೌಟು ಬರುವ ತನಕ ಬಾಯಿ ಬಿಡಲಿಲ್ಲ.

“ಅಯ್ಯೋ, ಸಾರು,” ಎಂದ ರಾಜೀವ.

“ಸೌಟಿಲ್ದೆ ಮಾತಾಡ್ಬಾರ್ದು ಕಣಪ್ಪ,” ಎಂದರು ಕಾಂತಮ್ಮ.

ಸಂಜೆ ಯೂಜಿನ್ ಒಳಗೆ ಬಂದಾಗ ಸೌಟು ಆಗಷ್ಟೇ ರಾಜೀವನ ಕೈ ದಾಟಿ ಅನಂತರಾಮು ಹತ್ತಿರ ಹೋಗಿತ್ತು. ಯಾಮಿನಿ ಆಟವನ್ನು ವಿವರಿಸಿದಳು.

“ಇದು ಚೆಂದ ಉಂಟಲ್ಲ. ಹೀಗೇ ನಡೀಲಿ. ನಡುವೆ ಬಾಯಿ ಹಾಕಿದ್ರೆ ಫೇಲ್, ಗೊತ್ತುಂಟಲ್ಲ ರಾಜೀವ್?” ಎಂದು ನಿಂತೇ ಕೇಳಿದರು ಯೂಜಿನ್. “ಕಂಪ್ಯೂಟರಿಗೆ ಏನಾದ್ರೂ ಕಳಿಸ್ಲಿಕ್ಕಿದ್ರೆ ಎಂತ ಮಾಡ್ತದೆ?”

“ಟೋಕನ್ ಬರೋ ತನಕ ಕಾಯತ್ತೆ,” ಎಂದರು ಅನಂತರಾಮು. “ನಾನಂತೂ ಮದ್ವೆ ಆದಾಗಿಂದ ಕಾದಿದೀನಿ.” ಸೌಟು ಹೆಂಡತಿಗೆ ಹೋಯಿತು.

“ಟೋಕನ್ ಕಳೆದ್ರೆ?”

“ಕಾವಲಿನವಳು ಹೊಸದು ಬಿಡ್ತಾಳೆ. ಒಳಗೆ ಇನ್ನೊಂದು ಸೌಟಿದೆ,” ಎಂದರು ಕಾಂತಮ್ಮ.

“ನಡುವಿನ ಒಂದು ಮಷೀನ್ ಸತ್ರೆ?”

“ಅದರ ಆಚೆಯದ್ದು ಬೊಬ್ಬೆ ಹಾಕ್ತದೆ,” ಎಂದ ಸುಬೈದಾ ರಾಜೀವನನ್ನೇ ನೋಡಿದಳು. “ಮತ್ತೆ ಅದನ್ನು ಬಿಟ್ಟು ಸುತ್ತುವುದು.”

ಕೊನೆಗೆ ಸೌಟು ರಾಜೀವನ ಕೈಗೆ ಬಂತು. “ಸರ್, ಇದನ್ನೆಲ್ಲ ಇವರಿಗೆ ಹೇಳಿಕೊಟ್ಟಿದ್ದು ನಾನೇ.”

“ಎಲ್ಲರೂ ಹೇಳಿ ಆದ ಮೇಲೆ ಹಾಗೆ ಯಾರು ಬೇಕಾದ್ರೂ ಹೇಳಬಹುದು,” ಎಂದ ಯೂಜಿನ್ ಅನಂತರಾಮು ಕಡೆ ತಿರುಗಿದರು. “ಸರ್, ನಿಮ್ಮ ಇಕಾಮಾ ಟ್ರಾನ್ಸ್‌ಫರ್ ಆಗ್ತದಾ? ನಮ್ಮಲ್ಲಿ ಒಂದು ಜಾಗ ಖಾಲಿಯಾಗ್ಲಿಕ್ಕುಂಟು.”

ಅನಂತರಾಮು ಬಾಯಿ ತೆರೆದು, ಮತ್ತೆ ಮುಚ್ಚಿ, ಸೌಟನ್ನು ನೋಡಿದರು. ರಾಜೀವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ತನ್ನ ಹತ್ತಿರ ಇರುವಷ್ಟು ಹೊತ್ತು ಕೆಲಸವೂ ಇರುತ್ತಿತ್ತು.

“ದಾಟ್ಸಪ್ಪ,” ಎಂದರು ಕಾಂತಮ್ಮ. “ಇವ್ರು ಹೂಂ ಅನ್ಬೇಕು.”