ಲಿಥಿಯಂ ಗುಡ್ಡ, ಮಾವನ ಗದ್ದೆ

ಇದು ನಡೆದದ್ದು ೧೯೪೬ರಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ.

ಬಿ.ಎಸ್ಸಿ. ಮಾಡಿದವನಿಗೆ ಇಂಥವು ತಪ್ಪುವುದಿಲ್ಲ. ನಾನು ಮಂಡ್ಯದಲ್ಲಿ ವಿಜ್ಞಾನದ ಮೇಷ್ಟ್ರಾದಾಗಿನಿಂದ ನೆಂಟರು ಕೆಟ್ಟ ರೇಡಿಯೋ, ಹಾಲು ಕೊಡದ ಎಮ್ಮೆ, ಬಾವಿಯ ಉಪ್ಪುನೀರು, ಎಲ್ಲವನ್ನೂ ನನ್ನ ಮುಂದೆ ತಂದು ನಿಲ್ಲಿಸುತ್ತಿದ್ದರು. ಆತಗೂರಿನ ಸೋದರಮಾವ ತಂದದ್ದು ಒಂದು ಕಂಪನಿ. ಮಳವಳ್ಳಿ ಕಡೆಯ ಗುಡ್ಡವೊಂದರಲ್ಲಿ ಲಿಥಿಯಂ ತೆಗೆಯುತ್ತೇವೆಂದು ಷೇರು ಮಾರುತ್ತಿದ್ದ ಸಣ್ಣ ಕಂಪನಿ. ನಾಲೆ ಬದಿಯ ಕಬ್ಬಿನ ಗದ್ದೆ ಮಾರಿ ಷೇರು ಕೊಳ್ಳಬೇಕೆಂದು ಮಾವ. ಇದ್ದ ಒಳ್ಳೆಯ ಗದ್ದೆ ಅದೊಂದೇ, ಬೇಡವೇ ಬೇಡ ಎಂದು ಅತ್ತೆ. ನಾನು ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿದ್ದರು. ನಾನು ತಮ್ಮ ಕಡೆಗೇ ಹೇಳುತ್ತೇನೆಂಬ ನಂಬಿಕೆ ಇಬ್ಬರಿಗೂ ಇತ್ತು.

೧. ಟವೆಲ್ಲಿನ ಕೆಳಗೆ

ಕಂಪನಿಯ ಮ್ಯಾನೇಜರು ಮದ್ದೂರಿನ ಹೋಟೆಲೊಂದರಲ್ಲಿ ಸಿಕ್ಕರು. ಬೆಂಗಳೂರಿನವರು, ಟೈ ಕಟ್ಟಿದ್ದರು. ಷೇರೊಂದಕ್ಕೆ ಹತ್ತು ರೂಪಾಯಿ ಎಂದರು. ಲಿಥಿಯಂ ಎಷ್ಟು ಹಗುರವೆಂದರೆ ನೀರಿನ ಮೇಲೆ ತೇಲುತ್ತದೆ ಎಂದರು. ನಿಜವೇ ಎಂದು ಮಾವ ನನ್ನನ್ನು ಕೇಳಿದರು. ತೇಲುತ್ತದೆ, ಆದರೆ ತೇಲುತ್ತಲೇ ಕರಗಿಹೋಗುತ್ತದೆ ಎಂದೆ. ಮಾವ ಮೊದಲರ್ಧ ಮಾತ್ರ ಕೇಳಿಸಿಕೊಂಡರು.

ಆಮೇಲೆ ದನದ ಸಂತೆಯಲ್ಲಿ ಮಾಡುವಂತೆ ಹೆಗಲ ಟವೆಲ್ಲನ್ನು ಮ್ಯಾನೇಜರ ಕೈಮೇಲೆ ಹಾಸಿ, ಅದರಡಿ ಅವರ ಐದು ಬೆರಳು ಹಿಡಿದರು. ಎತ್ತಿನ ಬೆಲೆಯನ್ನು ನಮ್ಮವರು ಬಾಯಲ್ಲಿ ಆಡುವುದಿಲ್ಲ. ಹಿಡಿದಷ್ಟು ಬೆರಳೇ ಬೆಲೆ. ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲ. ಹಳ್ಳಿಯವರ ಪ್ರೀತಿ ಎಂದುಕೊಂಡು ಜೋರಾಗಿ ಕೈಕುಲುಕಿದರು. ಮಾವ ಒಂದು ಬೆರಳು ಬಿಟ್ಟರು. ಅವರು ಇನ್ನೂ ಜೋರಾಗಿ ಕುಲುಕಿದರು.

ಹೊರಗೆ ಬಂದು ಮಾವ ನನ್ನ ಕಿವಿಯಲ್ಲಿ ಹೇಳಿದರು: "ಅತ್ತು ರೂಪಾಯಿದ್ನ ನಾಕಕ್ಕೆ ಇಳಿಸ್ದೆ ಕಣ್ಲಾ. ಇನ್ನೊಂದ್ ಗಳಿಗೆ ಕೂತಿದ್ರೆ ಪುಕ್ಕಟೆ ಕೊಟ್ಬುಡೋನು."

೨. ಉಪ್ಪಿನ ಮಡಕೆ

ನನ್ನದು ಕ್ರಮದ ಕೆಲಸ. ಕಲ್ಲಿನಲ್ಲಿ ಲಿಥಿಯಂ ಇದೆಯೇ? ಆ ಕಲ್ಲು ಗುಡ್ಡದಲ್ಲಿದೆಯೇ? ಮೊದಲು ಇವೆರಡು ಗೊತ್ತಾಗಬೇಕು.

ಮಾವ ಹಿಂದೊಮ್ಮೆ ಗುಡ್ಡ ನೋಡಲು ಹೋದಾಗ ಅಲ್ಲಿಯವರು ಒಂದು ನೇರಳೆ ಕಲ್ಲನ್ನು ಕೈಗಿಟ್ಟು ಕಳಿಸಿದ್ದರಂತೆ. ಅದರ ಚೂರನ್ನು ಪುಡಿಮಾಡಿ, ತಂತಿಯ ತುದಿಗೆ ಹಚ್ಚಿ, ಸ್ಪಿರಿಟ್ ದೀಪಕ್ಕೆ ಹಿಡಿದೆ. ಕಡುಗೆಂಪು ಉರಿ ಬಂದರೆ ಲಿಥಿಯಂ ಉಂಟು ಎಂದು ಮೊದಲೇ ಹೇಳಿದ್ದೆ. ಹಳದಿ ಬಂತು. ಅತ್ತೆ ಎದ್ದುಹೋಗಿ ನನಗೊಂದು ಲೋಟ ಹಾಲು ತಂದಿಟ್ಟರು.

ಹಳದಿ ಎಂದರೆ ಉಪ್ಪಿನ ಗುರುತು. ಕಲ್ಲನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಕಳ್ಳರ ಕಣ್ಣಿಗೆ ಬೀಳದಿರಲೆಂದು ಮಾವ ಅದನ್ನು ಉಪ್ಪಿನ ಮಡಕೆಯಲ್ಲಿ ಹೂತಿಟ್ಟಿದ್ದರು, ಅತ್ತೆಗೂ ಹೇಳಿರಲಿಲ್ಲ. ಕಲ್ಲು ತೊಳೆದು, ಒಡೆದು, ಒಳಗಿನ ಚೂರು ತೆಗೆದು ಮತ್ತೆ ಹಿಡಿದೆ. ಕಡುಗೆಂಪು. ಮಾವ ಗದ್ದೆಯ ಕ್ರಯಪತ್ರ ಬರೆಯುವವರನ್ನು ಕರೆತರಲು ಚಪ್ಪಲಿ ಹುಡುಕತೊಡಗಿದರು.

ಅತ್ತೆ ಹಾಲಿನ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇನ್ನೊಂದ್ಸಲ ಉಪ್ಪಾಕಿ ನೋಡಪ್ಪ. ಮೊದಲ್ನೇದೇ ಸರ್ಯಾಗಿ ಉರೀತಿತ್ತು."

೩. ಬರಿಗೈ

ಉಳಿದದ್ದು ಎರಡನೆಯ ಪ್ರಶ್ನೆ. ಅದು ತೀರುವವರೆಗೆ ಪತ್ರ ಬೇಡವೆಂದು ಮಾವನನ್ನು ಒಪ್ಪಿಸಿ, ಮದ್ದೂರಿನಿಂದ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಮಳವಳ್ಳಿಗೂ ಅಲ್ಲಿಂದ ಜಟಕಾದಲ್ಲಿ ಗುಡ್ಡಕ್ಕೂ ಕರೆದುಕೊಂಡು ಹೋದೆ. ಮ್ಯಾನೇಜರು ನಮಗಾಗಿ ಕಾದಿದ್ದರು.

ಗಣಿಯೆಂದು ಅಗೆದಿದ್ದ ಗುಂಡಿಯ ಬಳಿ ಒಬ್ಬ ಮೇಸ್ತ್ರಿ. ಗಣಿಗೆ ಬರುವ ಮುಂಚೆ ವರ್ಷಗಟ್ಟಲೆ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವನು. ಆಲೆಮನೆಗೆ ಕಾಲಿಟ್ಟವರು ಗುರುತಿನವರಿರಲಿ, ದಾರಿಹೋಕರಿರಲಿ, ಕೈಗೊಂದು ಬೆಲ್ಲ ಕೊಟ್ಟೇ ಕಳಿಸುವುದು ನಮ್ಮ ಕಡೆಯ ರೂಢಿ.

ಇವರಿಗೆ ನಮ್ಮ ಕಲ್ಲು ತೋರಿಸು ಎಂದು ಮ್ಯಾನೇಜರು ಹೇಳಿದರು. ಮೇಸ್ತ್ರಿ ತಲೆ ಕೆರೆದುಕೊಂಡ.

"ಮುಗೀತು ಬುದ್ಧಿ."

"ಮುಗೀತು ಅಂದ್ರೆ?"

"ಗುಡ್ಡ ನೋಡಕ್ ಬಂದೋರ್ಗೆಲ್ಲ ಒಂದೊಂದ್ ಕೊಟ್ಟೆ. ಬರಿಗೈಲಿ ಎಂಗ್ ಕಳ್ಸದು? ಈ ಯಜಮಾನ್ರಿಗೂ ಕೊಟ್ಟಿದ್ದೆ, ಕೇಳಿ."

ಮ್ಯಾನೇಜರು ಟೈ ಸಡಿಲಿಸಿಕೊಂಡರು. ಹಾಗಿದ್ದರೆ ಅಗೆದು ತೆಗೆ ಎಂದು ಗದರಿದರು.

ಮೇಸ್ತ್ರಿ ಗುಂಡಿಯನ್ನೊಮ್ಮೆ ನೋಡಿದ, ಅವರನ್ನೊಮ್ಮೆ ನೋಡಿದ. "ಅಗುದ್ರೆ ಎಲ್ ಬತ್ತದೆ ಬುದ್ಧಿ? ನೀವು ಇನ್ನೊಂದ್ ಮೂಟೆ ತಂದ್ರೆ ತಾನೆ."

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಜಟಕಾ ಹತ್ತಿದರು. ನಾನು ಕ್ರಮ ತಪ್ಪಬಾರದೆಂದು ಮೇಸ್ತ್ರಿಯ ಹತ್ತಿರ ಎರಡು ಲೆಕ್ಕ ಕೇಳಿ ಬರೆದುಕೊಂಡು ಹತ್ತಿದೆ.

ಆತಗೂರಿನಲ್ಲಿ ಅತ್ತೆ ಬಾಗಿಲಲ್ಲೇ ಇದ್ದರು. ಗದ್ದೆ ಉಳಿಯಿತು ಎಂದೆ. ಹಾಲು ಬಂತು. ಈ ಸಲ ಪೂರ್ತಿ ಕುಡಿಯಲು ಬಿಟ್ಟು, ಲೋಟ ಕೆಳಗಿಟ್ಟ ಮೇಲೆ, ಏನು ಕಂಡುಹಿಡಿದೆ ಎಂದು ಕೇಳಿದರು. ವರದಿ ಒಪ್ಪಿಸಿದೆ.

ಮೂಟೆಯಲ್ಲಿ ಬಂದ ಕಲ್ಲು, ಅರವತ್ತೆರಡು. ಗುಡ್ಡದಲ್ಲಿ ಸಿಕ್ಕಿದ್ದು, ಸೊನ್ನೆ.