ಚಿಕ್ಕಮ್ಮನ ಕಣ್ಣಿನ ಉಸ್ತುವಾರಿ ಹೊತ್ತ ಗೋಜಿ ಹಣ್ಣಿನವರಿಗೆ

ಕೆಂಪು ಮೈಯ, ಒಣದ್ರಾಕ್ಷಿಯಂತೆ ಒಣಗಿ ಸುಕ್ಕುಗಟ್ಟಿದ ಮುಖದ, ಗಾಜಿನ ಡಬ್ಬದೊಳಗೆ ಸುಖವಾಗಿ ಆಸೀನರಾಗಿರುವ ಮಾನ್ಯ ಗೋಜಿ ಹಣ್ಣಿನವರೇ,

ಮೊದಲಿಗೆ ನನ್ನ ಕೋಳಿಕಾಲಿನಂಥ ಅಕ್ಷರಕ್ಕೂ ಅಲ್ಲಲ್ಲಿ ತಪ್ಪಿರಬಹುದಾದ ಕಾಗುಣಿತಕ್ಕೂ ಕ್ಷಮೆ ಬೇಡುತ್ತೇನೆ. ನಾನು ಓದಿದ್ದು ಪ್ರಾಥಮಿಕ ಶಾಲೆಯವರೆಗೆ ಮಾತ್ರ. ಜೊತೆಗೆ, ಎದುರಿಗೆ ಯಾರಿದ್ದರೂ ನಾಲಿಗೆ ಏಳದ ಸ್ವಭಾವ. ತಾವು ದಿನವಿಡೀ ನಮ್ಮ ಕಪಾಟಿನ ಮೇಲೆಯೇ ಕೂತಿರುತ್ತೀರಿ. ಆದರೂ ತಮ್ಮ ಮುಖ ನೋಡಿ ಹೇಳುವ ಧೈರ್ಯ ಸಾಲದೆ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಅಂಜುಬುರುಕರ ಧೈರ್ಯವೇ ಹೀಗೆ.

ಚಿಕ್ಕಮ್ಮ ಚಿಕ್ಕಪ್ಪ ನಡೆಸುವ ಹೊಲಿಗೆ ಅಂಗಡಿಯಲ್ಲಿ ನಾನು ಬಟ್ಟೆಯ ಅಂಚು ಮಡಿಸುವವಳು. ಚಿಕ್ಕಮ್ಮ ಹೊಲಿಯುತ್ತಾರೆ, ಚಿಕ್ಕಪ್ಪ ಇಸ್ತ್ರಿ ಮಾಡುತ್ತಾರೆ. ತಾವು ನಮ್ಮಲ್ಲಿಗೆ ಚಿತ್ತೈಸಿದ್ದು ಒಬ್ಬ ಗಿರಾಕಿಯಮ್ಮನ ಕೈಚೀಲದಲ್ಲಿ. ತಮ್ಮನ್ನು ತಿಂದರೆ ಬೊಜ್ಜು ಕರಗುತ್ತದೆ, ಮುಪ್ಪು ಹಿಂದೆ ಸರಿಯುತ್ತದೆ, ಬಾರದ ನಿದ್ದೆ ಬರುತ್ತದೆ, ಕಣ್ಣಿಗಂತೂ ತಮಗಿಂತ ದೊಡ್ಡ ಮದ್ದೇ ಇಲ್ಲ ಎಂದು ಅವರು ಹೇಳುತ್ತಿದ್ದಾಗ, ಅವರದೇ ಪ್ಯಾಂಟಿನ ಸೊಂಟವನ್ನು ಈ ವರ್ಷ ಮತ್ತೊಮ್ಮೆ ಸಡಿಲಿಸುವ ಕೆಲಸ ನನ್ನ ತೊಡೆಯ ಮೇಲಿತ್ತು. ನಾನು ತಲೆ ಎತ್ತಲಿಲ್ಲ. ಬೊಜ್ಜಿನ ವಿಷಯದಲ್ಲಿ ತಮಗೆ ಆ ದಿನ ಬಿಡುವಿರಲಿಲ್ಲವೇನೋ.

ಚಿಕ್ಕಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಸರಿಹೋಗುತ್ತದೆ, ತಡಮಾಡಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಆದರೆ ಹಗಲೆಲ್ಲ ಕತ್ತರಿ ಹಿಡಿದೇ ಬದುಕಿದ ನಮ್ಮ ಚಿಕ್ಕಮ್ಮನಿಗೆ ಇನ್ನೊಬ್ಬರ ಕೈಯಲ್ಲಿ ಕತ್ತರಿ ನೋಡಿದರೆ ಕೈಕಾಲು ತಣ್ಣಗಾಗುತ್ತದೆ. ಅಷ್ಟರಲ್ಲಿ ತಾವು ಬಂದಿರಿ. ತಮ್ಮ ವಿಚಾರ ಚಿಕ್ಕಪ್ಪ ಕೇಳಿದ್ದಕ್ಕೆ ಡಾಕ್ಟರು, ಹಣ್ಣು ಒಳ್ಳೆಯದೇ, ತಿನ್ನಲಿ, ಆದರೆ ಹಣ್ಣು ತಿಂದು ಪೊರೆ ಕರಗಿದ್ದನ್ನು ನಾನಂತೂ ಕಂಡಿಲ್ಲ ಎಂದರು. ಚಿಕ್ಕಮ್ಮನ ತೀರ್ಪು ಬೇರೆಯೇ ಆಗಿತ್ತು: "ಹಣ್ಣು ಒಳಗಿಂದಾನೇ ಪೊರೆ ಬಿಡಿಸ್ತಾ ಇರುವಾಗ ಕತ್ತರಿ ಯಾಕ್ರೀ?"

ತಮ್ಮ ಯೋಗ್ಯತೆಯನ್ನು ನಾನು ಅಲ್ಲಗಳೆಯುವವಳಲ್ಲ. ತಮ್ಮಲ್ಲಿ ಜೀವಸತ್ವ ಉಂಟು, ಕಬ್ಬಿಣ ಉಂಟು, ನಾರು ಉಂಟು, ಕಣ್ಣಿಗೆ ಹಿತವೆನ್ನುವ ಹಳದಿ ಬಣ್ಣದ ಅದೇನೋ ಒಂದು ಸತ್ವವೂ ಉಂಟು. ಇವುಗಳಲ್ಲಿ ಬಹುಪಾಲು ಮೂಲೆಯ ಅಂಗಡಿಯ ಕ್ಯಾರೆಟ್ಟಿನಲ್ಲೂ ಸೊಪ್ಪಿನಲ್ಲೂ ಇವೆಯಂತೆ. ಆದರೆ ಹಿತ್ತಲ ಗಿಡ ಮದ್ದಲ್ಲ. ಕ್ಯಾರೆಟ್ಟು ತಮ್ಮಂತೆ ಪರದೇಶದ ಬೆಟ್ಟ ದಾಟಿ ಬಂದಿಲ್ಲ, ಮಣ್ಣು ಮೆತ್ತಿಕೊಂಡು ಬುಟ್ಟಿಯಲ್ಲಿ ಬಿದ್ದಿರುತ್ತದೆ, ಅದಕ್ಕೆ ಗಾಜಿನ ಮನೆಯಿಲ್ಲ. ತಮ್ಮ ಡಬ್ಬದ ಮೇಲೆ ಮಾತ್ರ 'ದೃಷ್ಟಿಗೆ ವರದಾನ' ಎಂದು ಬೆರಳುದ್ದದ ಅಕ್ಷರಗಳಿವೆ. ಹಿಂಬದಿಯಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, 'ಇದು ಔಷಧವಲ್ಲ' ಎಂದೂ ಇದೆ. ಕಣ್ಣು ಮಂಜಾದವರು ಮುಂದಿನದನ್ನು ಓದಿ ಕೊಳ್ಳಲಿ, ಗುಣವಾದ ಮೇಲೆ ಹಿಂದಿನದನ್ನು ಓದಿಕೊಳ್ಳಲಿ ಎಂಬ ಈ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ.

ಇನ್ನು ತಮ್ಮ ಪವಾಡದ ವಿಷಯ. ಚಿಕ್ಕಮ್ಮ ಬೆಳಿಗ್ಗೆ ತಮ್ಮನ್ನು ಒಂದು ಹಿಡಿ ತಿಂದು, ಕಿಟಕಿಯ ಬಳಿ ನಿಂತು, ಸೂಜಿ ಚುಚ್ಚಿಡುವ ಪುಟ್ಟ ಮೆತ್ತೆಯಿಂದ ಒಂದನ್ನು ಎತ್ತಿ ದಾರ ಪೋಣಿಸಿ ನೋಡುತ್ತಾರೆ. ಅದೇ ಅವರ ಪರೀಕ್ಷೆ. ಮೊದಮೊದಲು ದಾರ ಸೂಜಿಯ ಸುತ್ತ ಗಾಣದೆತ್ತಿನಂತೆ ಸುತ್ತುತ್ತಿತ್ತು. ಆಮೇಲೊಂದು ದಿನ ಒಂದೇ ಏಟಿಗೆ ಒಳಗೆ ಹೋಯಿತು. ಚಿಕ್ಕಮ್ಮ ಪಕ್ಕದ ಚಪ್ಪಲಿ ಅಂಗಡಿಯವರನ್ನೆಲ್ಲ ಕರೆದು ತೋರಿಸಿದರು. ಅವರೂ ಒಂದೊಂದು ಡಬ್ಬ ತಂದರು. ತಮ್ಮ ಕೀರ್ತಿ ಬೀದಿಯ ತುದಿ ಮುಟ್ಟಿತು.

ಮಾನ್ಯರೇ, ಆ ಪವಾಡ ಮಾಡಿದವರು ಚಿಕ್ಕಪ್ಪ. ಚಿಕ್ಕಮ್ಮ ಮುಖ ತೊಳೆಯಲು ಹೋದಾಗ ಅವರು ಸಣ್ಣ ಸೂಜಿಯನ್ನು ತೆಗೆದು, ಕಣ್ಣು ದೊಡ್ಡದಿರುವ ಸೂಜಿಯನ್ನು ಚುಚ್ಚಿಡುವುದನ್ನು ನಾನು ಕಂಡೆ. ನಾನು ಕಂಡದ್ದು ಅವರಿಗೂ ಗೊತ್ತಾಯಿತು. ತಲೆ ತಗ್ಗಿಸಿಕೊಂಡೇ ಹೇಳಿದರು: "ದಾರ ಹೋಗ್ದೇ ಇದ್ದಾಗ ಅವಳ ಮುಖ ನೋಡಿದ್ಯಾ? ನನ್ನ ಕೈಲಾಗಲ್ಲ ಕಣಮ್ಮ." ಅಲ್ಲಿಂದೀಚೆಗೆ ಪೊರೆ ದಪ್ಪವಾದ ಹಾಗೆಲ್ಲ ಸೂಜಿಯೂ ದಪ್ಪವಾಗುತ್ತಿದೆ. ಹೀಗೇ ತಮ್ಮ ಮಹಿಮೆ ಬೆಳೆದರೆ, ಚಿಕ್ಕಮ್ಮ ಗೋಣಿ ಹೊಲಿಯುವ ದಬ್ಬಣಕ್ಕೆ ಹಗ್ಗ ಪೋಣಿಸಿ, ಕಣ್ಣು ಪೂರ್ತಿ ಬಂತೆಂದು ಹಿಗ್ಗುವ ದಿನ ದೂರವಿಲ್ಲ.

ಆದರೆ ಹೊಲಿಗೆ ಯಂತ್ರಕ್ಕೆ ಇಂಥ ದಾಕ್ಷಿಣ್ಯ ಗೊತ್ತಿಲ್ಲ. ಹೋದ ವಾರ ಬೇಕರಿಯವರ ಬಿಳಿ ಕೋಟಿಗೆ ತೋಳು ಕೂಡಿಸುವಾಗ ಅದರ ಸೂಜಿ ಚಿಕ್ಕಮ್ಮನ ಉಗುರಿನೊಳಗೇ ಇಳಿಯಿತು. ಕೋಟಿನ ಮೇಲೆ ಬಿದ್ದ ಹನಿಗಳು ಥೇಟ್ ತಮ್ಮದೇ ಬಣ್ಣ, ತಮ್ಮದೇ ಗಾತ್ರ. ಚಿಕ್ಕಪ್ಪ ಬಟ್ಟೆ ಸುತ್ತಿದರು. ಯಾರೂ ಕಣ್ಣಿನ ಮಾತೆತ್ತಲಿಲ್ಲ. ತಾವಂತೂ ಕಪಾಟಿನ ಮೇಲಿಂದ ತುಟಿ ಪಿಟಕ್ಕೆನ್ನಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೇನೆಂದರೆ, ತಾವು ದಯಮಾಡಿ ಡಬ್ಬದ ಮುಚ್ಚಳ ತೆರೆದು ಕೆಳಗಿಳಿದು, "ಅಮ್ಮಾ, ನಾನು ಬರೀ ಹಣ್ಣು" ಎಂದು ಚಿಕ್ಕಮ್ಮನ ಕಿವಿಯಲ್ಲಿ ಒಂದು ಮಾತು ಹೇಳಬೇಕು. ಅದು ಘನತೆಗೆ ಕುಂದೆನಿಸಿದರೆ ಯಂತ್ರದ ಮುಂದೆ ಕೂತು, ಹೊತ್ತು ಮುಳುಗುವುದರೊಳಗೆ ಆ ಕೋಟಿನ ಇನ್ನೊಂದು ತೋಳನ್ನು ತಾವೇ ಹೊಲಿದು ಕೊಡಬೇಕು. ಅದೂ ಆಗದಿದ್ದರೆ ಆಸ್ಪತ್ರೆಯವರೆಗೆ ಅವರ ಕೈ ಹಿಡಿದು ನಡೆಸಬೇಕು. ಇಷ್ಟು ಗುಣಗಳಿರುವ ತಮಗೆ ಒಂದು ಕೈ ಇಲ್ಲವೆಂದರೆ ನಂಬುವುದು ಹೇಗೆ?

ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವು ತಮ್ಮನ್ನು ಬಹಳ ಕಾಲದಿಂದ ಹಾಕಿಕೊಳ್ಳುತ್ತಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ಅಂಚು ಮಡಿಸುವ ಹುಡುಗಿ

ತಾ. ಕ.: ನಿನ್ನೆ ಇಷ್ಟು ಬರೆದು ಮಲಗಿದೆ. ತಾವು ಕೆಳಗಿಳಿಯುವ ಲಕ್ಷಣ ಕಾಣದ್ದರಿಂದ, ಇಂದು ಬೆಳಿಗ್ಗೆ ಚಿಕ್ಕಪ್ಪನಿಗಿಂತ ಮೊದಲೆದ್ದು ಹಳೆಯ ಸಣ್ಣ ಸೂಜಿಯನ್ನೇ ಮೆತ್ತೆಗೆ ಚುಚ್ಚಿಟ್ಟೆ. ಚಿಕ್ಕಮ್ಮ ಅದನ್ನು ಎತ್ತಿಕೊಂಡು ಎರಡು ಬೆರಳ ನಡುವೆ ಒಮ್ಮೆ ಹೊರಳಿಸಿದರು. ದಾರಕ್ಕೆ ಕೈಯನ್ನೇ ಹಾಕಲಿಲ್ಲ.

"ಇದು ನೀನಿಟ್ಟಿದ್ದು. ಅವರಿಡೋದು ದಪ್ಪಂದು. ಜನ್ಮವೆಲ್ಲ ಸೂಜಿ ಹಿಡಿದ ಬೆರಳಿಗೆ ಅಷ್ಟೂ ಗೊತ್ತಾಗಲ್ವೇನೇ?" ಎಂದರು. ಸೂಜಿಯನ್ನು ಮತ್ತೆ ಮೆತ್ತೆಗೆ ಚುಚ್ಚಿ, "ಅವರಿಗೆ ಬೇಜಾರಾಗ್ಬಾರ್ದು ಅಂತ ಕಣ್ಣು ಬಂದ ಹಾಗೇ ಆಡ್ದೆ. ಹೆದರಿಕೇನೂ ಇತ್ತು. ನೀನು ಜೊತೇಲಿ ಬರ್ತೀಯಾ?" ಎಂದರು.

ನಾಳೆ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಡಬ್ಬದಲ್ಲಿ ಉಳಿದ ತಮ್ಮ ಬಳಗವನ್ನು ಚಿಕ್ಕಪ್ಪನಿಗೆ ಒಪ್ಪಿಸಲಾಗಿದೆ. ಕಣ್ಣೆದುರಿಗಿದ್ದದ್ದು ಕಾಣದೆ ಹೋದದ್ದು ಅವರಿಗೇ. ಖಾಲಿಯಾದ ಮೇಲೆ ಡಬ್ಬ ಅಂಗಿಯ ಗುಂಡಿಗಳನ್ನು ಹಾಕಿಡಲು ಬರುತ್ತದೆ, ಅದಕ್ಕಾಗಿ ಧನ್ಯವಾದಗಳು. ಸಣ್ಣ ಸೂಜಿಗೆ ನಾನೇ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಚಿಕ್ಕಮ್ಮನ ಕೈಗೆ ಕೊಟ್ಟೆ.